ಕೈ ಬೀಸದ ಹೆಂಗಸರು

ಸೋಮವಾರ ಬೆಳಿಗ್ಗೆ, ರಿಹರ್ಸಲ್ ಶುರುವಾಗುವ ಮುಂಚೆ, ಒಪೆರಾ ಕಂಪನಿಯವರು ಕೋರಸ್‌ನಲ್ಲಿ ಹಾಡುವ ಎಲ್ಲರನ್ನೂ ಕೆಲಸದಿಂದ ತೆಗೆದರು. ಸೀಸನ್ ಮುಗಿಯುವವರೆಗೆ ಹಾಡಬೇಕು. ಮುಗಿದ ಮೇಲೆ ಹೆಂಗಸರು ಒಂದು ದಿನ ಬಂದು, ‘ಬಲೆಮನೆ’ ಒಪೆರಾದ ಕೊನೆಯ ಅಂಕದ ಗುನುಗನ್ನು ಮೈಕಿಗೆ ಹಾಡಿಕೊಟ್ಟು ಹೋಗಬೇಕು. ಮುಂದಿನ ವರ್ಷದಿಂದ ರಂಗದ ಮೇಲೆ ಕೆಲವೇ ದಿನಗೂಲಿಯವರು, ತೆರೆಯ ಹಿಂದೆ ಈ ಹೆಂಗಸರ ಬದಲು ಸ್ಪೀಕರ್ ಇರುತ್ತದೆ. ಹಾಡಿಕೊಡದವರಿಗೆ ಪರಿಹಾರದ ಹಣವಿಲ್ಲ.

‘ಬಲೆಮನೆ’ ಮಾಲೀಕರಿಂದ ಎಲ್ಲವನ್ನೂ ಕಳೆದುಕೊಂಡ ಹೆಂಗಸರ ಕಥೆ.

ಕಂಪನಿಯ ನಿರ್ದೇಶಕಿ ರೊವೀನಾ ಆಲ್ಡಸ್ ಇದನ್ನು ನಿಂತುಕೊಂಡೇ ಓದಿದಳು. ಯಾರನ್ನೂ ತೆಗೆಯುತ್ತಿಲ್ಲ, ಕೆಲಸದ ಮಾದರಿ ಬದಲಾಗುತ್ತಿದೆ ಅಷ್ಟೇ ಎಂದಳು. ಅವರೆಲ್ಲ ಸೇರಿದ್ದ ಬ್ರ್ಯಾಡ್‌ಫರ್ಡಿನ ಹಳೆಯ ಚಾಪೆಲ್, ಅಂದರೆ ಸಣ್ಣ ಚರ್ಚು, ಉಣ್ಣೆ ಗಿರಣಿಯ ಕೆಲಸದವರು ತಮ್ಮ ಕೈಯಾರೆ ಕಟ್ಟಿಕೊಂಡದ್ದು. ಈಗ ಅದು ಕಂಪನಿಯ ರಿಹರ್ಸಲ್ ಹಾಲ್. ಹೀಟರ್ ಕೆಟ್ಟಿತ್ತು. ಎಲ್ಲರೂ ಕೋಟು ಹಾಕಿಕೊಂಡೇ ಕೂತಿದ್ದರು. ಕೋಟು ಹಾಕಿಕೊಂಡವರನ್ನು ಹೊರಗೆ ಕಳಿಸುವುದು ಸುಲಭ.

ಪಿಯಾನೋದ ಮುಂದೆ ಕ್ರಿಸ್ಪಿನ್ ಪಾಸ್ಕ್ ಕೂತಿದ್ದ. ಕೋರಸ್‌ಗೆ ಪಾಠ ಹೇಳುವವನು ಅವನು. ಅವನ ಕೆಲಸಕ್ಕೆ ಏನೂ ಆಗಿರಲಿಲ್ಲ. ಕೆಳದನಿಯ ಹೆಂಗಸರ ಸಾಲಿನಿಂದ ಥಿರ್ಜಾ ಬ್ಲೆಂಕಿನ್ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಭಯವಿರಲಿಲ್ಲ. ನೀನು ಇದೀಯಲ್ಲ, ಏನಾದರೂ ಮಾಡುತ್ತೀಯ ಎಂಬ ಭರವಸೆ ಇತ್ತು. ಅವನು ಅದನ್ನು ತಾಳಲಾರದೆ ತಲೆ ತಗ್ಗಿಸಿ ಪಿಯಾನೋದ ಬಿಳಿ ಮನೆಗಳನ್ನು ನೋಡಿದ.

ಈ ರೆಕಾರ್ಡಿಂಗಿನ ಯೋಚನೆ ಆಲ್ಡಸ್‌ಗೆ ಎಲ್ಲಿಂದ ಬಂತು ಎಂದು ಅವನಿಗೆ ಗೊತ್ತಿತ್ತು.

ಥಿರ್ಜಾಳಿಗೂ ಅವನಿಗೂ ಪರಿಚಯವಾದದ್ದೇ ಜಗಳದಿಂದ. ಮೂರು ಚಳಿಗಾಲದ ಹಿಂದಿನ ಮಾತು. ಕ್ರಿಸ್ಪಿನ್ ದಕ್ಷಿಣದಿಂದ, ಲಂಡನ್ನಿನ ಕಡೆಯಿಂದ, ಹೊಸದಾಗಿ ಬಂದಿದ್ದ. ನಲವತ್ತು ದಾಟಿದ್ದರೂ ಮೆಚ್ಚಿದ್ದನ್ನು ಮೆಚ್ಚುವುದರಲ್ಲಿ ಹದಿನಾರರ ಹುಡುಗ. ಡೆನ್ಜಿಲ್ ಹ್ಯಾಲ್‌ಸ್ಟೆಡ್‌ನ ಒಪೆರಾಗಳೆಂದರೆ ಅವನಿಗೆ ಹುಚ್ಚು. ಇವತ್ತು ಬದುಕಿ ಬರೆಯುತ್ತಿರುವ ಇಂಗ್ಲಿಷ್ ಸಂಗೀತಗಾರರಲ್ಲಿ ಹ್ಯಾಲ್‌ಸ್ಟೆಡ್‌ಗೆ ಸಾಟಿಯಿಲ್ಲ ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

‘ಬಲೆಮನೆ’ಯ ಮೊದಲ ಅಂಕದಲ್ಲಿ ಮೀನುಗಾರರ ಹಡಗು ಬಂದರು ಬಿಟ್ಟು ಹೊರಡುತ್ತದೆ. ಬಲೆ ಹೆಣೆಯುವ ಹೆಂಗಸರೆಲ್ಲ ದಂಡೆಯ ಮೇಲೆ ನಿಂತು ಬಿಳಿ ಕರ್ಚೀಫು ಬೀಸುತ್ತ, ಎಂಟು ನಿಮಿಷ ಹಾಡುತ್ತ ಗಂಡಂದಿರನ್ನು ಕಳಿಸಿಕೊಡುತ್ತಾರೆ. ಆ ದಿನ ರಿಹರ್ಸಲ್‌ನಲ್ಲಿ ಅಷ್ಟೂ ಕರ್ಚೀಫುಗಳು ಮೇಲೆದ್ದವು. ಥಿರ್ಜಾಳದೊಂದು ಏಳಲಿಲ್ಲ.

ಕ್ರಿಸ್ಪಿನ್ ಪಿಯಾನೋ ನಿಲ್ಲಿಸಿದ. “ಕರ್ಚೀಫು ಮರೆತು ಬಂದಿದೀರಾ?”

“ಇಲ್ಲ. ಜೇಬಲ್ಲಿದೆ.”

“ಹಾಗಾದ್ರೆ ತೆಗೆದು ಬೀಸಿ.”

“ಬೀಸಲ್ಲ ಮೇಷ್ಟ್ರೇ. ನಾನು ಹಲ್‌ನವಳು.”

ಅಷ್ಟು ಹೇಳಿದರೆ ಸಾಕು ಎಂಬುದು ಅವಳ ಲೆಕ್ಕ. ಅವನಿಗೆ ಸಾಕಾಗಲಿಲ್ಲ. ಆಮೇಲೆ ಅವಳೇ, ಮಗುವಿಗೆ ಹೇಳುವ ಹಾಗೆ, ಬಿಡಿಸಿ ಹೇಳಿದಳು. ಹಲ್ ಎಂಬ ಬಂದರು ಊರಿನ ಹೆಸ್ಸಲ್ ರೋಡಿನಲ್ಲಿ, ಮೀನುಗಾರರ ಕೇರಿಯಲ್ಲಿ, ಗಂಡ ಕಡಲಿಗೆ ಹೊರಟ ದಿನ ಹೆಂಡತಿ ಬಂದರಿಗೆ ಹೋಗುವುದಿಲ್ಲ. ಮನೆಯಲ್ಲಿ ಬಟ್ಟೆ ಒಗೆಯುವುದಿಲ್ಲ, ಒಗೆದರೆ ಅವನೂ ನೀರಲ್ಲಿ ಕೊಚ್ಚಿಹೋದ ಹಾಗೆ. ಬಾಗಿಲಲ್ಲಿ ನಿಂತು ಹೋಗಿಬಾ ಎನ್ನುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸತ್ತರೂ ಕೈ ಬೀಸುವುದಿಲ್ಲ. ಬೀಸಿದರೆ ಕಡಲು ತನ್ನನ್ನೇ ಕರೆದರು ಅಂದುಕೊಳ್ಳುತ್ತದೆ.

“ನಿಮ್ಮ ಹ್ಯಾಲ್‌ಸ್ಟೆಡ್ ಸಾಹೇಬ್ರು ಒಂದು ದಿನ ಬಂದು ಕೇಳಿದ್ದಿದ್ರೆ ಯಾವ ಮುದುಕಿಯಾದ್ರೂ ಹೇಳಿರೋಳು. ಈ ಎಂಟು ನಿಮಿಷದಲ್ಲಿ ಹಡಗಲ್ಲಿರೋ ಅಷ್ಟೂ ಗಂಡಸರನ್ನ ನಾವೇ ಮುಳುಗಿಸ್ತೀವಿ. ಆಮೇಲೆ ಮೂರನೇ ಅಂಕದಲ್ಲಿ ಅಯ್ಯೋ ಯಾಕೆ ಬರಲಿಲ್ಲ ಅಂತ ಅಳ್ತೀವಿ.”

ಇಡೀ ಕೋರಸ್ ನಕ್ಕಿತು. ಕ್ರಿಸ್ಪಿನ್‌ನ ಕಿವಿ ಕೆಂಪಾಯಿತು. ಇದು ಒಪೆರಾ, ಸಾಕ್ಷ್ಯಚಿತ್ರವಲ್ಲ ಎಂದ.

“ಹೌದಾ? ಹೊರಗಡೆ ಪೋಸ್ಟರಲ್ಲಿ ‘ನಿಜವಾದ ಹೆಂಗಸರ ನಿಜವಾದ ಕಥೆ’ ಅಂತಿದೆ. ಅದನ್ನ ಮೊದಲು ಅಳಿಸಿ, ನಾನು ಬೆಡ್‌ಶೀಟೇ ಬೀಸ್ತೀನಿ.”

ಕೊನೆಗೆ ರಾಜಿಯಾಯಿತು. ಅವಳು ಕರ್ಚೀಫನ್ನು ಮೂಗಿಗೆ ಹಿಡಿದುಕೊಂಡು ನಿಂತಳು. ನೋಡುವವರು ನೆಗಡಿ ಅಂದುಕೊಳ್ಳಲಿ ಎಂದಳು.

ಮಧ್ಯಾಹ್ನ ಅವನು ಒಬ್ಬನೇ ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಅವಳು ಬಂದು, ಕೇಳದೇ ಪಕ್ಕದಲ್ಲಿ ಕೂತಳು. ಕೈಯಲ್ಲಿ ಚಿಪ್ಸಿನ ಪೊಟ್ಟಣ, ಬಿಸಿಬಿಸಿ ಕರಿದ ಆಲೂಗಡ್ಡೆ. ಪರ್ಸಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಕೆಂಪು ಮಸಾಲೆ ಉದುರಿಸಿದಳು. ಅದು ಹಲ್‌ನವರ ಮಸಾಲೆ. ಇಲ್ಲಿ ಸಿಗುವುದಿಲ್ಲ ಎಂದು ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಪೊಟ್ಟಣವನ್ನು ಅವನ ಕಡೆ ಸರಿಸಿ, ಕೋಪ ಇಳಿಯಿತೇ ಎಂಬಂತೆ ಒಂದು ಹುಬ್ಬು ಮಾತ್ರ ಏರಿಸಿ ನೋಡಿದಳು. ಬೂದು ಕಣ್ಣು. ನಗುವನ್ನು ತುಟಿಗೆ ಬರಲು ಬಿಡದೆ ಕಣ್ಣಲ್ಲೇ ತಡೆದು ನಿಲ್ಲಿಸಿದ್ದಳು.

ಅವನು ಒಂದು ಚಿಪ್ಸ್ ತೆಗೆದುಕೊಂಡ. ಆಮೇಲೆ ಇನ್ನೊಂದು. ಪೊಟ್ಟಣ ಖಾಲಿಯಾದರೂ ಇಬ್ಬರೂ ಏಳಲಿಲ್ಲ.

ಆ ಒಪೆರಾದ ಕೊನೆಯ ಅಂಕದಲ್ಲಿ ಹಡಗು ಬರುವುದಿಲ್ಲ. ರಂಗದ ಮೇಲೆ ಮಾಲೀಕನ ಮಗಳು ಒಬ್ಬಳೇ ನಿಂತು ತನ್ನ ಪಶ್ಚಾತ್ತಾಪವನ್ನು ಹಾಡುತ್ತಾಳೆ. ಬಲೆ ಹೆಣೆಯುವವರು ತೆರೆಯ ಹಿಂದೆ, ಕಾಣದ ಕತ್ತಲಲ್ಲಿ, ಬಾಯಿ ಮುಚ್ಚಿಕೊಂಡು ಗುನುಗುತ್ತಾರೆ. ಮಾತಿಲ್ಲ. ಒಂದೇ ಒಂದು ಕೆಳದನಿಯಿಂದ ಅದು ಶುರುವಾಗುತ್ತದೆ. ಉಳಿದವರು ಒಬ್ಬೊಬ್ಬರಾಗಿ ಆ ದನಿಯೊಳಕ್ಕೆ ಬಂದು ಸೇರುತ್ತಾರೆ. ಆ ಮೊದಲ ದನಿ ಥಿರ್ಜಾಳದು.

ತೆರೆಯ ಹಿಂದೆ ಹಾಡುವವರಿಗೆ ಒಂದು ಕಷ್ಟವಿದೆ. ವಾದ್ಯದವರ ಸದ್ದು ಅವರಿಗೆ ತಡವಾಗಿ ಕೇಳುತ್ತದೆ. ಅದನ್ನು ಕೇಳಿಕೊಂಡು ಹಾಡಿದರೆ ಇವರ ಸದ್ದು ಹಾಲ್‌ಗೆ ಇನ್ನೂ ತಡವಾಗಿ ತಲುಪುತ್ತದೆ. ಅದಕ್ಕೇ ಅಲ್ಲಿ ಒಬ್ಬ ನಿಂತು, ಸಣ್ಣ ಟಿವಿಯಲ್ಲಿ, ಹೊರಗೆ ವಾದ್ಯದವರ ಮುಂದೆ ನಿಂತು ತಾಳ ತೋರಿಸುವ ಮುಖ್ಯಸ್ಥನ ಕೈ ನೋಡುತ್ತ, ಆ ಕೈಗಿಂತ ಒಂದು ಕೂದಲೆಳೆಯಷ್ಟು ಮುಂಚೆ ತಾಳ ಹಾಕಬೇಕು. ಅದು ಕ್ರಿಸ್ಪಿನ್‌ನ ಕೆಲಸ. ನಿಮ್ಮ ಕಿವಿ ನಂಬಬೇಡಿ, ನನ್ನ ಕೈ ನಂಬಿ ಎಂದು ಅವನು ದಿನಾ ಹೇಳುತ್ತಿದ್ದ.

ಹಸಿರು ಟಾರ್ಚಿನ ಬೆಳಕಲ್ಲಿ ಅವನ ಕೈ ಮಾತ್ರ ಕಾಣುತ್ತಿತ್ತು. ಥಿರ್ಜಾ ಅದನ್ನೇ ನೋಡುತ್ತ ನಿಲ್ಲುತ್ತಿದ್ದಳು. ಒಬ್ಬ ಹೆಂಗಸು ತನ್ನ ಕೈಯನ್ನು ಅಷ್ಟು ನಂಬಿಕೆಯಿಂದ ನೋಡಿದ್ದನ್ನು ಅವನು ಜೀವನದಲ್ಲಿ ಕಂಡಿರಲಿಲ್ಲ. ಕೈ ಎತ್ತುತ್ತಿದ್ದ. ಅವಳ ಗಂಟಲಿನಿಂದ ಆ ದನಿ, ನೆಲದಡಿಯ ನೀರಿನ ಹಾಗೆ, ಏಳುತ್ತಿತ್ತು. 

ಇಂಗ್ಲೆಂಡಿನಲ್ಲಿ ನಮ್ಮ ಕಾಲದಲ್ಲಿ ಇದಕ್ಕಿಂತ ದೊಡ್ಡ ಸಂಗೀತ ಹುಟ್ಟಿಲ್ಲ ಎಂದು ಒಂದು ಸಂಜೆ ಬಸ್ ಸ್ಟಾಪಿಗೆ ನಡೆಯುತ್ತ ಅವನು ಹೇಳಿದ. ಅವಳು ಒಪ್ಪಲಿಲ್ಲ.

ಅವಳು ಹ್ಯಾಲ್‌ಸ್ಟೆಡ್‌ನ ದ್ವೇಷಿಯೇನಲ್ಲ. ಅವನ ಎಲ್ಲ ಒಪೆರಾಗಳಲ್ಲೂ ಹಾಡಿದ್ದಳು. ‘ಬೆಳಕಿನ ಕಾವಲು’ ಅವಳಿಗೆ ಪ್ರಾಣ. ಅದರಲ್ಲಿ ದೀಪಸ್ತಂಭ ಕಾಯುವವನ ಹೆಂಡತಿ ಒಂದು ಇಡೀ ಅಂಕ ಗಂಡನನ್ನು ಬಯ್ಯುತ್ತಾಳೆ. ಒಲೆಯ ಮೇಲೆ ಗಂಜಿ ಸೀದುಹೋಗುತ್ತದೆ. ಥಿರ್ಜಾ ಆ ಜಗಳವನ್ನು ಎರಡೂ ಪಾತ್ರದ ದನಿಯಲ್ಲಿ ರಸ್ತೆಯುದ್ದಕ್ಕೂ ಹಾಡುತ್ತ ಬರುತ್ತಿದ್ದಳು; ಎದುರು ಬಂದವರು ನಿಜವಾದ ಜಗಳವೆಂದು ರಸ್ತೆ ದಾಟುತ್ತಿದ್ದರು. ಹೆಂಗಸಿನ ಬಾಯಿಗೆ ಮಾತು ಕೊಟ್ಟಾಗ ಹ್ಯಾಲ್‌ಸ್ಟೆಡ್ ದೊಡ್ಡ ಮನುಷ್ಯ, ಕಸಿದುಕೊಂಡಾಗ ಅಂಗಡಿಯವನು ಎಂದು ಅವಳ ತೀರ್ಪು.

ದುಃಖ ಮಾತಿಗೆ ಮೀರಿದ್ದು, ಅದಕ್ಕೇ ಅಲ್ಲಿ ಗುನುಗು ಎಂದು ಕ್ರಿಸ್ಪಿನ್ ವಾದಿಸಿದ.

ಅವಳು ನಿಂತಳು. “ದುಃಖಕ್ಕೆ ಮಾತಿಲ್ಲ ಅನ್ನೋರು ದುಃಖ ಪಟ್ಟೋರಲ್ಲ, ದೂರ ನಿಂತು ನೋಡಿದೋರು. ನಮ್ಮಜ್ಜಿ ಬಲೆ ಹೆಣೀತಿದ್ಳು. ತಾತನ ಹಡಗು ಬರಲಿಲ್ಲ ಅಂತ ಗೊತ್ತಾದ ದಿನ ಗುನುಗ್ತಾ ಕೂರಲಿಲ್ಲ. ಅಡುಗೆ ಏಪ್ರನ್ನಲ್ಲೇ ಮಾಲೀಕನ ಆಫೀಸಿಗೆ ಹೋದ್ಳು. ಅವಳು ಆಡಿದ ಮಾತಲ್ಲಿ ಅರ್ಧ ನಿನ್ನ ಮುಂದೆ ಹೇಳಕ್ಕಾಗಲ್ಲ. ಹೇಳೋ ಅಂಥ ಅರ್ಧ ಇದು: ತೂತಿರೋ ಹಡಗು ಅಂತ ನಿಮಗೆ ಗೊತ್ತಿತ್ತು.”

“ಆಮೇಲೆ?”

“ಆಮೇಲೇನು? ಆ ಊರಲ್ಲಿ ಅವಳಿಗೆ ಯಾರೂ ಹುರಿ ಕೊಡಲಿಲ್ಲ. ಬಲೆ ಹೆಣೆಯೋಳಿಗೆ ಹುರಿ ಕೊಡದೇ ಇರೋದು ಅಂದ್ರೆ ಗೊತ್ತಲ್ಲ. ಅದು ನಿನ್ನ ಒಪೆರಾದಲ್ಲಿ ಎಲ್ಲಿದೆ ಹೇಳು. ಮಾಲೀಕನ ಮಗಳಿಗೆ ಮೂರು ಹಾಡಿದೆ.”

ಆ ಸಂಜೆಯೇ ಮೊದಲು ಅವಳು ಅವನನ್ನು ನೀನು ಎಂದದ್ದು. ಜಗಳದ ಬಿಸಿಯಲ್ಲಿ ಜಾರಿ ಬಂದ ಮಾತು. ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಸರಿಪಡಿಸಲಿಲ್ಲ. ಬಸ್ಸು ಬಂತು, ಅವಳು ಹತ್ತಲಿಲ್ಲ. ಮುಂದಿನದಕ್ಕೂ ಹತ್ತಲಿಲ್ಲ.

ಹೀಗೆ ಅವರ ಪ್ರೀತಿ ಒಪ್ಪದೇ ಇರುವುದರ ಮೇಲೆ ಬೆಳೆಯಿತು. ಅವಳ ಮನೆಯ ಅಡುಗೆಕೋಣೆಯಲ್ಲಿ ಭಾನುವಾರಗಳು ಹ್ಯಾಲ್‌ಸ್ಟೆಡ್‌ನ ಮೇಲಿನ ಜಗಳದಲ್ಲೇ ಬೆಳಗಾಗುತ್ತಿದ್ದವು. ಹ್ಯಾಲ್‌ಸ್ಟೆಡ್ ಒಮ್ಮೆ ರಿಹರ್ಸಲ್‌ಗೆ ಬಂದಾಗ ಅವಳು ಕರ್ಚೀಫಿನ ವಿಷಯ ನೇರವಾಗಿ ಕೇಳಿಯೂ ಬಿಟ್ಟಿದ್ದಳು. ಅವನು ಬಹಳ ಒಳ್ಳೆಯವನ ಹಾಗೆ ನಕ್ಕು, ಬಾಲ್ಕನಿಯಿಂದ ನೋಡಿದರೆ ಎಷ್ಟು ಚಂದ ಕಾಣುತ್ತದೆ ಗೊತ್ತಾ ಎಂದಿದ್ದ. ಅಂದಿನಿಂದ ಏನಾದರೂ ಚಂದ ಕಂಡರೆ ಸಾಕು, ಸುಟ್ಟ ಟೋಸ್ಟಾಗಲಿ, ಕ್ರಿಸ್ಪಿನ್‌ನ ತಲೆಯ ನಡುವೆ ಹೊಳೆಯುವ ಬೋಳಾಗಲಿ, “ಬಾಲ್ಕನಿಯಿಂದ ನೋಡಬೇಕು ಇದನ್ನ” ಎನ್ನುತ್ತಿದ್ದಳು.

ಅವನು ಮನೆಗೆ ಹೊರಟಾಗ ತಿರುವಿನಲ್ಲಿ ನಿಂತು ಕೈ ಬೀಸುತ್ತಿದ್ದ. ಅವಳು ಒಂದು ದಿನವೂ ಬೀಸಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಮೊದಮೊದಲು ಅವನಿಗೆ ಅದು ಚುಚ್ಚುತ್ತಿತ್ತು.

ಒಂದು ಭಾನುವಾರ ಬಿಸಿಲು ಬಂದಿತ್ತು. ಅವಳು ಬಾಗಿಲ ಹಿಡಿಕೆಗೆ ಹುರಿ ಕಟ್ಟಿಕೊಂಡು, ಅಜ್ಜಿಯ ಮರದ ಸೂಜಿಯಿಂದ ಬಟಾಣಿ ಬಳ್ಳಿಗೆ ಬಲೆ ಹೆಣೆಯುತ್ತಿದ್ದಳು. ಸೂಜಿ ಒಳಗೆ ಹೋಗುತ್ತಿತ್ತು, ಸುತ್ತಿ ಹೊರಗೆ ಬರುತ್ತಿತ್ತು, ಒಂದೊಂದೇ ಕಣ್ಣು ಬಿಗಿಯಾಗುತ್ತಿತ್ತು. ಹೆಣೆಯುತ್ತ ಅವಳು ಕೊನೆಯ ಅಂಕದ ಗುನುಗು ಹಿಡಿದಳು. ಸ್ವಲ್ಪ ಹೊತ್ತಿಗೆ ಅದಕ್ಕೆ ಮಾತು ಬಂತು. ಅಜ್ಜಿಯ ಮಾತು. ತೂತಿರೋ ಹಡಗು ಅಂತ ನಿಮಗೆ ಗೊತ್ತಿತ್ತು. ಹ್ಯಾಲ್‌ಸ್ಟೆಡ್‌ನ ರಾಗಕ್ಕೆ ಆ ಬೈಗುಳ ಅಳತೆ ತೆಗೆದು ಹೊಲಿದಂತೆ ಕೂತಿತು. ಮಾತು ತೀರಿದ ಮೇಲೆ ಮತ್ತೆ ಬರೀ ಗುನುಗು. ಆದರೆ ಈಗ ಆ ಗುನುಗಿನೊಳಗೆ ಮಾತಿರುವುದು ಕೇಳುತ್ತಿತ್ತು.

ಕ್ರಿಸ್ಪಿನ್ ಫೋನು ತೆಗೆದು ರೆಕಾರ್ಡ್ ಮಾಡಿಕೊಂಡ. ಅವಳು ನೋಡಿದಳು, ನಿಲ್ಲಿಸಲಿಲ್ಲ. ಮುಗಿದ ಮೇಲೆ ಹೇಳಿದಳು: “ನಿನ್ನ ಹತ್ತಿರ ಇರಲಿ. ಇನ್ನೊಬ್ಬರ ಕಿವಿಗೆ ಬೀಳಬಾರದು.”

“ಯಾಕೆ? ಇಷ್ಟು ಚೆನ್ನಾಗಿದೆ.”

“ಚೆನ್ನಾಗಿರೋದನ್ನೆಲ್ಲ ಮಾರ್ಕೆಟ್ಟಿಗೆ ಇಡಬೇಕಾ? ಇದನ್ನ ಹಾಡಿದ್ದು ಕೋರಸ್ಸಿನವಳಲ್ಲ ಕಣೋ. ನಾನು.”

ಅವನು ಮಾತು ಕೊಟ್ಟ.

ಮಳೆಗಾಲವೋ ಚಳಿಗಾಲವೋ ಗೊತ್ತಾಗದಂಥ ಈ ಸಲದ ನವೆಂಬರಿನಲ್ಲಿ ಕಂಪನಿಗೆ ಸರ್ಕಾರದ ಅನುದಾನ ಕಡಿಮೆಯಾಯಿತು. ಮುಂದಿನ ವರ್ಷ ‘ಬಲೆಮನೆ’ ಆಡುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿತು. ಕ್ರಿಸ್ಪಿನ್‌ಗೆ ನಿದ್ದೆ ಹತ್ತಲಿಲ್ಲ. ಆ ಗುನುಗು ಕಪಾಟು ಸೇರುವುದೇ? ಆಲ್ಡಸ್‌ಳ ಕೋಣೆಗೆ ಹೋಗಿ ಒಂದು ಗಂಟೆ ವಾದಿಸಿದ. ಅವಳು ಗಡಿಯಾರ ನೋಡಿದಳು. ಆಗ ಅವನು, ಬೇರೇನೂ ತೋಚದೆ, ಕೇಳಿದವರು ಕರಗದೇ ಇರಲಾರರು ಎಂಬ ನಂಬಿಕೆಯಿಂದ, ಫೋನನ್ನು ಮೇಜಿನ ಮೇಲಿಟ್ಟು ಹಾಕಿದ. ಮಾತಿರುವ ಭಾಗ ಬಿಟ್ಟು, ಗುನುಗು ಮಾತ್ರ.

ಆಲ್ಡಸ್ ಕಣ್ಣು ಮುಚ್ಚಿ ಕೇಳಿದಳು. ಕಣ್ಣೊರೆಸಿಕೊಂಡಳು. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಅದೇ ಇನ್ನೂ ಅಸಹ್ಯ. ಆಮೇಲೆ ಕೇಳಿದಳು: “ಇದು ಫೋನಲ್ಲಿ ಮಾಡಿದ್ದಾ? ಹೆಂಗಸರು ಅಲ್ಲಿ ಇಲ್ಲದೇನೂ ಇಷ್ಟು ಚೆನ್ನಾಗಿ ಕೇಳುತ್ತಾ?”

ಅವನು ಅದನ್ನು ಹೊಗಳಿಕೆ ಅಂದುಕೊಂಡ. ಸಂತೋಷದಿಂದ ಮೆಟ್ಟಿಲು ಇಳಿದು ಬಂದ.

ಇಷ್ಟೆಲ್ಲ ಆ ಸೋಮವಾರ ಅವನ ಹೊಟ್ಟೆಯಲ್ಲಿತ್ತು. ಸಂಜೆ ಎಂದಿನಂತೆ ಬಸ್ ಸ್ಟಾಪಿನ ಕಡೆ ನಡೆದರು. ಥಿರ್ಜಾ ಅವನ ತೋಳು ಹಿಡಿದುಕೊಂಡಿದ್ದಳು. ಆಲ್ಡಸ್ ನಿನ್ನ ಮಾತು ಕೇಳುತ್ತಾಳೆ, ನೀನು ಹೋಗಿ ಹೇಳು ಎಂದಳು. ಅವಳ ಗೆಳತಿ ಡಿಲಿಸ್, ವೇಲ್ಸಿನವಳು, ಈ ವರ್ಷ ತಾನೇ ಮನೆ ಸಾಲ ತೆಗೆದಿದ್ದಾಳೆ. ಆ ಪರಿಹಾರ ಬಿಟ್ಟರೆ ಅವಳಿಗೆ ಗತಿಯಿಲ್ಲ ಎಂದಳು. ಯಾರ ತಲೆಯಲ್ಲಿ ಹುಟ್ಟಿತೋ ಈ ಸ್ಪೀಕರಿನ ಯೋಚನೆ ಎಂದಳು.

ಅವನು ಹೇಳಿಬಿಟ್ಟ. ನಿಂತುಕೊಂಡು, ಎಲ್ಲವನ್ನೂ.

ಅವಳು ಅವನ ತೋಳು ತಕ್ಷಣ ಬಿಡಲಿಲ್ಲ. ಅದು ತನ್ನ ಕೈಯಲ್ಲಿ ಹೇಗೆ ಬಂತು ಎಂದು ಯೋಚಿಸುವವಳಂತೆ ನೋಡಿ, ಆಮೇಲೆ ಬಿಟ್ಟಳು.

“ಮಾತಿದ್ದ ಭಾಗ ಕೇಳಿಸಿದ್ಯಾ?”

“ಇಲ್ಲ. ಗುನುಗು ಮಾತ್ರ.”

“ಅದನ್ನೇ ಹ್ಯಾಲ್‌ಸ್ಟೆಡ್ ಮಾಡಿದ್ದು.”

ಆ ಒಪೆರಾ ಉಳಿಯಲಿ ಅಂತ ಮಾಡಿದೆ ಎಂದು ಅವನು ಹೇಳಿದ. ನಿನ್ನ ದನಿ ಉಳಿಯಲಿ ಅಂತ ಎಂದ. ರೆಕಾರ್ಡ್ ಆದರೂ ಸರಿ, ನೂರು ವರ್ಷ ಆದ ಮೇಲೂ ಕೇಳುತ್ತಾರಲ್ಲ ಎಂದ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಆಲ್ಡಸ್‌ಳ ಬಾಯಿಂದ ಬಂದಂತೆ ಕೇಳಿ ನಿಲ್ಲಿಸಿದ.

“ಅಜ್ಜಿಗೆ ಹುರಿ ಕೊಡಲಿಲ್ಲ. ಆದ್ರೆ ಅವಳು ಹೆಣೆದ ಬಲೆ ವಾಪಸ್ ಕೊಡಲಿಲ್ಲ, ಅದರಲ್ಲಿ ಮೀನು ಹಿಡೀತಾನೇ ಇದ್ರು.” ಅವಳ ದನಿ ಏರಲಿಲ್ಲ. “ಬಸ್ಸು ಬಂತು. ನೀವು ಹೊರಡಿ ಮೇಷ್ಟ್ರೇ.”

ನೀವು. ಅವನು ಹೆಜ್ಜೆ ಮುಂದಿಡುವ ಮೊದಲೇ ಅವಳು ಬಸ್ಸು ಹತ್ತಿದಳು. ಬಸ್ಸಿನ ಬಾಗಿಲು ಮುಚ್ಚಿಕೊಂಡಿತು.

ಸೀಸನ್ ಮುಗಿಯುವವರೆಗೆ ಅವಳು ಒಂದು ದಿನವೂ ತಪ್ಪಿಸದೆ ಬಂದಳು, ಹಾಡಿದಳು. ತೆರೆಯ ಹಿಂದೆ ಹಸಿರು ಬೆಳಕಿನಲ್ಲಿ ಅವನ ಕೈಯನ್ನೇ ನೋಡಿದಳು. ಕೆಲಸಕ್ಕೆ ಬೇಕಾದಷ್ಟು ಮಾತ್ರ ನೋಡಿದಳು. ಅದು ಎಷ್ಟು ಕಡಿಮೆ ಎಂದು ಅವನಿಗೆ ಆಗ ತಿಳಿಯಿತು. ಭಾನುವಾರಗಳು ಬಂದವು, ಹೋದವು. ಹ್ಯಾಲ್‌ಸ್ಟೆಡ್‌ನನ್ನು ಹೊಗಳಿದರೆ ಕೇಳುವವರು ಅವನಿಗೆ ಯಾರೂ ಇರಲಿಲ್ಲ. ತೆಗಳಲೂ ಯಾರೂ ಇಲ್ಲದೆ ಹೊಗಳಿಕೆಯೇ ಸಪ್ಪೆಯಾಯಿತು. ಒಂದು ದಿನ ಟೋಸ್ಟ್ ಸುಟ್ಟುಹೋಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ.

ಫೋನಿನಲ್ಲಿ ಅವಳ ದನಿ ಇತ್ತು. ಒಮ್ಮೆಯೂ ಹಾಕಿ ಕೇಳಲಿಲ್ಲ. ಕೇಳುವ ಹಕ್ಕು ತನಗಿದೆಯೇ ಎಂಬುದು ಅವನಿಗೆ ಗೊತ್ತಾಗಲಿಲ್ಲ.

ಕೊನೆಯ ಪ್ರದರ್ಶನದ ದಿನ ಹಾಲ್ ತುಂಬಿತ್ತು. ಮೊದಲ ಅಂಕ. ಹಡಗು ಹೊರಟಿತು. ವಾದ್ಯದವರು ಆ ದೊಡ್ಡ ಬೀಳ್ಕೊಡುಗೆಯ ರಾಗ ಎತ್ತಿದರು. ದಂಡೆಯ ಮೇಲಿನ ಒಬ್ಬ ಹೆಂಗಸೂ ಕೈ ಎತ್ತಲಿಲ್ಲ. ಡಿಲಿಸ್ ಎತ್ತಲಿಲ್ಲ, ಈ ವರ್ಷವಷ್ಟೇ ಸೇರಿದ ಹುಡುಗಿ ಎತ್ತಲಿಲ್ಲ. ಹಲ್ ಅನ್ನು ಕಣ್ಣಲ್ಲೂ ನೋಡದ ಹೆಂಗಸರು, ಎರಡೂ ಕೈ ಏಪ್ರನ್ನಿನ ಪಕ್ಕ ಇಳಿಬಿಟ್ಟು, ಕಡಲಿಗೆ ಅರ್ಧ ಬೆನ್ನು ಹಾಕಿ, ಎಂಟು ನಿಮಿಷ ನಿಂತು ಹಾಡಿದರು. ಕ್ರಿಸ್ಪಿನ್ ಪಕ್ಕದ ಪರದೆಯ ಸಂದಿನಿಂದ ನೋಡಿದ. ಇಷ್ಟು ವರ್ಷ ತಾನು ನುಡಿಸುತ್ತಿದ್ದ ಆ ಹಾಡಿನಲ್ಲಿ ಎಷ್ಟು ಭಯವಿದೆ ಎಂದು ಅವನಿಗೆ ಅಂದೇ ಕೇಳಿದ್ದು.

ಮರುದಿನದ ಪತ್ರಿಕೆಯೊಂದು ಅದನ್ನು ಹ್ಯಾಲ್‌ಸ್ಟೆಡ್‌ನ ಧೀರ ಸಂಯಮ ಎಂದು ಹೊಗಳಿತು.

ರೆಕಾರ್ಡಿಂಗಿನ ದಿನ ಹೆಂಗಸರೆಲ್ಲ ಚಾಪೆಲ್ಲಿಗೆ ಬಂದರು. ಬಾರದೆ ಇರುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬಾಡಿಗೆಯ ಮನೆಗಳು, ಮಕ್ಕಳು. ಅಂದು ಮಾತ್ರ ಹೀಟರ್ ರಿಪೇರಿಯಾಗಿತ್ತು. ಮೈಕಿಗೆ ಚಳಿಯ ಕೆಮ್ಮು ಕೇಳಬಾರದಲ್ಲ. ಮೂಲೆಯಲ್ಲಿ ರೆಕಾರ್ಡಿಂಗಿನವನು ತಂತಿಗಳ ನಡುವೆ ಕೂತಿದ್ದ. ಅವನ ಪಕ್ಕದಲ್ಲಿ ಆಲ್ಡಸ್.

ಥಿರ್ಜಾ ತನ್ನ ಜಾಗದಲ್ಲಿ ಕೂತಿದ್ದಳು. ಕೋಟು ಬಿಚ್ಚಿರಲಿಲ್ಲ.

ರೆಕಾರ್ಡಿಂಗಿನವನು ಗುಂಡಿ ಒತ್ತಿದ. ಕೆಂಪು ದೀಪ ಹೊತ್ತಿತು. ಕ್ರಿಸ್ಪಿನ್ ಅವಳ ಕಡೆ ತಿರುಗಿ ಕೈ ಎತ್ತಿದ.

ಅವಳು ಆ ಕೈಯನ್ನು ನೋಡಿದಳು. ಬಹಳ ದಿನಗಳ ಮೇಲೆ, ಹಳೆಯ ರೀತಿಯಲ್ಲಿ ನೋಡಿದಳು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ. ಬಾಯಿ ತೆರೆಯಲಿಲ್ಲ. ಅವನು ಕೈ ಇಳಿಸಿ ಮತ್ತೆ ಎತ್ತಿದ. ಅವಳು ಎದ್ದು ನಿಂತಳು.

“ಯಾರಿಗೆ ಬೇಕೋ ಅವರು ಹಾಡ್ಕೊಡಿ. ಹೊಟ್ಟೆಪಾಡು, ಅದಕ್ಕೆ ನಾನು ಒಂದು ಮಾತೂ ಅನ್ನಲ್ಲ. ನನ್ನ ದನಿ ನಾನು ಮನೆಗೆ ತಗೊಂಡು ಹೋಗ್ತೀನಿ.”

ಚೀಲ ಹೆಗಲಿಗೆ ಹಾಕಿಕೊಂಡು ಸಾಲುಗಳ ನಡುವೆ ನಡೆದಳು. ಡಿಲಿಸ್ ಅವಳ ಕೈ ಮುಟ್ಟಿದಳು. ಪಿಯಾನೋದ ಪಕ್ಕ ಬಂದಾಗ ಒಂದು ಕ್ಷಣ ನಿಂತು, ಈಗ ಹಲ್‌ಗೆ ಹೋಗುತ್ತಿದ್ದೇನೆ, ಅಜ್ಜಿಯ ಮನೆ ಖಾಲಿಯಿದೆ ಎಂದು ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. ಬಾ ಎನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ. ಬಾಗಿಲು ಅವಳ ಹಿಂದೆ ಮುಚ್ಚಿತು.

ಆಲ್ಡಸ್ ಗಲಿಬಿಲಿಗೊಳ್ಳಲಿಲ್ಲ. ಮೊದಲ ದನಿಯನ್ನು ಡಿಲಿಸ್ ತೆಗೆದುಕೊಳ್ಳಲಿ ಎಂದಳು.

“ನನ್ನ ಗಂಟಲು ಅಷ್ಟು ಕೆಳಗಿಳಿಯಲ್ಲ ಮೇಡಂ,” ಎಂದಳು ಡಿಲಿಸ್. ಕಳೆದ ಕ್ರಿಸ್‌ಮಸ್ ಪಾರ್ಟಿಯಲ್ಲಿ ಗಂಡಸರ ದನಿಯಲ್ಲಿ ಹಾಡಿ ಎಲ್ಲರನ್ನೂ ನಗಿಸಿದವಳು ಅವಳೇ. ಪಕ್ಕದವಳಿಗೆ ಇದ್ದಕ್ಕಿದ್ದಂತೆ ನೆಗಡಿಯಾಯಿತು. ಅವಳ ಪಕ್ಕದವಳು ಕರ್ಚೀಫು ತೆಗೆದು ಮೂಗಿಗೆ ಹಿಡಿದುಕೊಂಡಳು. ಒಂದೊಂದೇ ಕರ್ಚೀಫು ಹೊರಗೆ ಬಂದು, ಕೆಳದನಿಯ ಸಾಲಿಗೆ ಸಾಲೇ ನೆಗಡಿ ಹತ್ತಿಸಿಕೊಂಡು ಕೂತಿತು. ಯಾರೂ ನಗಲಿಲ್ಲ.

ಆಗ ಆಲ್ಡಸ್‌ಗೆ ನೆನಪಾಯಿತು. ಕ್ರಿಸ್ಪಿನ್ ಹತ್ತಿರ ಇದೆಯಲ್ಲ, ಫೋನಿನಲ್ಲಿ, ಅವಳದೇ ದನಿ ಎಂದಳು. ಸದ್ದು ಶುದ್ಧ ಮಾಡಬಹುದೇ ಎಂದು ರೆಕಾರ್ಡಿಂಗಿನವನನ್ನು ಕೇಳಿದಳು. ಮಾಡಬಹುದು ಎಂದ ಅವನು. ಅದನ್ನು ಮೊದಲು ಹಾಕಿದರೆ ಉಳಿದವರು ಅದರ ಮೇಲೆ ಸೇರಿಕೊಳ್ಳಬಹುದು. ಇಂಥ ನೆಗಡಿ ಪರಿಹಾರದ ಸುದ್ದಿ ಎತ್ತಿದರೆ ವಾಸಿಯಾಗುತ್ತದೆ ಎಂದು ಆಲ್ಡಸ್ ನಗುತ್ತಲೇ ಹೇಳಿದಳು.

ಕ್ರಿಸ್ಪಿನ್ ಕಿಟಕಿಯ ಹತ್ತಿರ ಹೋಗಿದ್ದ. ರಸ್ತೆಯಾಚೆ ಬಸ್ ಸ್ಟಾಪಿನಲ್ಲಿ ಅವಳು ನಿಂತಿದ್ದಳು. ಗಾಳಿಗೆ ಕೂದಲು ಮುಖದ ಮೇಲೆ ಹಾರುತ್ತಿತ್ತು. ಅದನ್ನು ಸರಿಸಿ ಅವಳು ತಲೆ ಎತ್ತಿ ಕಿಟಕಿ ನೋಡಿದಳು. ಅವನು ಅವಳಿಗೆ ಕಂಡ.

ಅವನ ಕೈ ತಾನಾಗಿಯೇ ಮೇಲೆದ್ದಿತು. ಎದೆಯ ಮಟ್ಟಕ್ಕೆ ಬಂದು ನಿಂತಿತು.

ಬಸ್ಸು ಬಂತು. ಅವಳು ಕೈ ಬೀಸಲಿಲ್ಲ. ಹೋಗಿಬರುತ್ತೇನೆ ಎಂಬ ಸನ್ನೆಯೂ ಇಲ್ಲ. ಮೂರು ವರ್ಷ ಆ ತಿರುವಿನಲ್ಲಿ ತಾನು ಕೈ ಬೀಸಿದಾಗಲೆಲ್ಲ ಅವಳು ಯಾಕೆ ಬೇಗ ಬಾಗಿಲು ಹಾಕಿಕೊಳ್ಳುತ್ತಿದ್ದಳು ಎಂದು ಅವನಿಗೆ ಈಗ, ಇಷ್ಟು ತಡವಾಗಿ, ತಿಳಿಯಿತು. ಮರಳಿ ಬರಲಿ ಎಂದು ಬೇಡಿಕೊಂಡವರಿಗೆ ಆ ಊರಿನ ಹೆಂಗಸರು ಕೈ ಬೀಸುವುದಿಲ್ಲ. ಪ್ರತಿ ಭಾನುವಾರವೂ ಅವಳು ಅದನ್ನು ಹೇಳುತ್ತಲೇ ಇದ್ದಳು.

ಕೈ ಇಳಿಸಿ ಕೋಟಿನ ಜೇಬಿಗೆ ಹಾಕಿಕೊಂಡ. ಒಳಗೆ ಫೋನು ಇತ್ತು. ಅದರ ಸುತ್ತ ಬೆರಳು ಮುಚ್ಚಿದ. ಬಸ್ಸು ತಿರುವು ದಾಟಿತು.

“ಕ್ರಿಸ್ಪಿನ್, ಫೋನು ಇಲ್ಲಿ ಕೊಡಿ,” ಎಂದಳು ಆಲ್ಡಸ್.

“ಕೊಡಲ್ಲ ಮೇಡಂ.”

ನಿಮ್ಮ ಕೆಲಸ ಇನ್ನೂ ಇದೆ, ಅದನ್ನು ನೆನಪಿಟ್ಟುಕೊಂಡು ಮಾತಾಡಿ ಎಂದಳು. ಹ್ಯಾಲ್‌ಸ್ಟೆಡ್‌ನ ಈ ಒಪೆರಾ ಇವತ್ತಿಗೆ ಮುಗಿದುಹೋಗುತ್ತದೆ, ಅದು ನಿಮ್ಮಿಂದಲೇ, ತಿಳಿಯಿತೇ ಎಂದಳು. ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಅವನು ಬಂದು ಪಿಯಾನೋದ ಮುಚ್ಚಳ ಹಾಕಿದ.

“ಗೊತ್ತು. ಆದರೂ ಕೊಡಲ್ಲ.”